ಉಸಿರು ಬಿಡುವ ಪಾಠ

ಮೊಣಕಾಲಿನ ಚಿತ್ರವನ್ನು ದೀಪಕ್ಕೆ ಹಿಡಿದು
ಡಾಕ್ಟರು ಅಂದರು: ಸವೆದಿದೆ.
ನಡೆದದ್ದು ಸಾಕು, ಇನ್ನು ಈಜಿ.
ಅರವತ್ತೊಂದು ನನಗೆ, ಎಂದೆ.
ಕತ್ತಿನವರೆಗೆ ನೀರಿದ್ದರೆ ನೀವು ಏಳೇ ಕಿಲೋ, ಎಂದರು.

ಹಾಗೆ ಚೆಂಬೂರಿನ ಪಾಲಿಕೆ ಕೊಳ,
ಹೆಂಗಸರ ಪಾಳಿ, ಹತ್ತೂಮುಕ್ಕಾಲು.
ದಾದರಿನಲ್ಲಿ ಚೌಕಾಸಿ ಮಾಡಿ ತಂದ ತುಂಬುತೋಳಿನ ಈಜುಡುಗೆ,
ಹುಬ್ಬನ್ನು ಹಣೆಗೆ ಜಗ್ಗುವ ರಬ್ಬರ್ ಟೋಪಿ;
ಕನ್ನಡಿಯಲ್ಲಿ ಸುಲಿದ ಹಲಸಿನ ಬೀಜ.
ನೀರಿಗಿಳಿದ ಮೇಲೆ ಚಳಿಯೇನು ಅಂತ ಗಾದೆ ಕಟ್ಟಿದವರು
ಈ ಕೊಳಕ್ಕೆ ಜನವರಿಯಲ್ಲಿ ಬಂದಿರಲಿಕ್ಕಿಲ್ಲ.

ಮೂರಡಿಯ ತುದಿಯಲ್ಲಿ ಕಂಬಿ ಹಿಡಿದು ನಿಂತಿದ್ದೇವೆ.
ಹಂಸಾಬೆನ್ ತೇಲುತ್ತಲೇ ಉಂಧಿಯೂಗೆ ಒಗ್ಗರಣೆ ಹಾಕುತ್ತಾರೆ.
ನಸ್ರೀನ್, ಗೋವಂಡಿಯ ನರ್ಸು,
ರಾತ್ರಿಪಾಳಿ ಮುಗಿಸಿ ನೇರ ನೀರಿಗೆ ಬಂದವಳು.
ಪೆಡ್ಣೇಕರ್ ಬಾಯಿ ದಂಡೆಯ ಮೇಲೆ ಕುಕ್ಕರಿಸಿ
ಸೀಟಿಯನ್ನು ಬಾಯಿಂದ ತೆಗೆದು ಹೇಳುತ್ತಾಳೆ:
ಮುಖ ಮುಳುಗಿಸು, ಮಾವ್ಶಿ. ಶ್ವಾಸ ಸೋಡ.
ಉಸಿರು ಬಿಡು.

ಮುಳುಗಿಸುತ್ತೇನೆ. ಬಿಡುವುದಿಲ್ಲ.
ಕೆನ್ನೆ ಉಬ್ಬಿಸಿ, ಕಣ್ಣು ಬಿಗಿದು,
ಕದ್ದ ಮಾಲಿನ ಹಾಗೆ ಎದೆಯಲ್ಲಿ ಬಚ್ಚಿಟ್ಟು
ಮೇಲೆದ್ದು ಒಂದೇ ಸಲ ಭುಸ್ಸೆನ್ನುತ್ತೇನೆ.
ಗಾಳಿಗೂ ರೇಷನ್ನಾ, ಅನ್ನುತ್ತಾಳೆ ಬಾಯಿ.

ಹೇಗೆ ಹೇಳಲಿ ಅವಳಿಗೆ.
ಹನ್ನೊಂದು ವರ್ಷ ಟ್ರಂಕ್ ಬೋರ್ಡಿನ ಮುಂದೆ ಕೂತವಳು ನಾನು.
ಹುಬ್ಬಳ್ಳಿ, ಗದಗ, ದಾವಣಗೆರೆ ಅಂದರೆ
ನನ್ನ ಕೈಯ ತಂತಿಯೇ ಆಗಬೇಕಿತ್ತು.
ಮೊದಲ ದಿನ ಕಿವಿಗೆ ಹೆಡ್‌ಫೋನ್ ತೊಡಿಸುತ್ತಾ
ಲೋಬೋ ಮೇಡಮ್ ಹೇಳಿದ್ದರು,
ಕಿವಿಗೆ ಬಿದ್ದದ್ದು ಕಿವಿಯಲ್ಲೇ ಇರಲಿ.
ಮನೆಗೆ ಬಂದರೆ ಅಮ್ಮನೂ ಅದನ್ನೇ:
ಯಾರ ಮುಂದೂ ಉಸಿರು ಬಿಡಬೇಡ.

ಬಿಡಲಿಲ್ಲ.
ಸಂಬಂಧ ಮುರಿದದ್ದು, ಅಂಗಡಿ ಮುಳುಗಿದ್ದು,
ಹೆತ್ತದ್ದು, ಸತ್ತದ್ದು, ಸುಳ್ಳೇ ಸತ್ತದ್ದು,
ಮೂರು ಮೂರು ನಿಮಿಷಕ್ಕೊಂದು ಕಿವಿ ದಾಟಿ ಹೋದವು.
ಗಿರಣಿಗಳು ನಿಂತ ವರ್ಷ, ಒಂದು ಸಂಜೆ,
ಲಾಲ್‌ಬಾಗಿನಿಂದ ಒಬ್ಬ ಗದಗಿನ ಕಿರಾಣಿ ಅಂಗಡಿಗೆ ಹಚ್ಚಿ
ಹೆಂಡತಿಯನ್ನು ಕರೆಸಿದ.
ಓಡಿ ಬಂದಳು, ಏದುಸಿರು ಕೇಳಿಸಿತು.
ಅವನು ಮಾತಾಡಲಿಲ್ಲ. ಅವಳೂ.
ಮೂರು ನಿಮಿಷ ಇಬ್ಬರೂ ಬರೀ ಉಸಿರಾಡಿದರು.
ಮುಂದುವರಿಸಲೇ ಎಂದು ಕೇಳಬೇಕಾದವಳು
ಕೇಳದೆ ಇನ್ನೂ ಮೂರು ನಿಮಿಷ ಬಿಟ್ಟೆ,
ಚೀಟಿ ಬರೆಯದೆ.
ಯಾರಿಗೂ ಹೇಳಿಲ್ಲ. ಗಂಡನಿಗೂ.

ಅತ್ತ ಆಳದ ಬದಿಯಲ್ಲಿ, ಹತ್ತು ಮೀಟರ್ ಕಟ್ಟೆಯ ಅಂಚಿಗೆ
ಮೃಣ್ಮಯಿ ಘಾಗ್, ಹದಿನಾಲ್ಕು,
ನೀರಿಗೆ ಬೆನ್ನು ಹಾಕಿ ಹಿಮ್ಮಡಿಗಳನ್ನು ಗಾಳಿಗೆ ಬಿಟ್ಟು ನಿಂತಿದ್ದಾಳೆ.
ಇಲ್ಲಿಂದ ನೋಡಿದರೆ ಟ್ರಾಂಬೆಯ ಹೊಗೆಕೊಳವೆ
ಅವಳ ಭುಜಕ್ಕೆ ಬರುತ್ತದೆ.
ಹಾರಿದಳು. ಮಡಚಿದಳು. ಎರಡೂವರೆ ಸುತ್ತು.
ಬಿಚ್ಚಿಕೊಂಡದ್ದು ಕಂಡಿತೋ ಇಲ್ಲವೋ,
ಬಟ್ಟೆ ಹರಿದಷ್ಟೇ ಸದ್ದು, ನೀರು ಮುಚ್ಚಿಕೊಂಡಿತು.
ಹನಿ ಹೆಚ್ಚು ಚಿಮ್ಮಿದರೆ ಅಂಕ ಕಳೆಯುತ್ತಾರಂತೆ.
ನೀರಿಗೇ ಗೊತ್ತಾಗದ ಹಾಗೆ ನೀರಿಗೆ ಹೋಗಬೇಕಂತೆ.
ಆ ವಿದ್ಯೆ ಗೊತ್ತು ಕಣೇ ಹುಡುಗಿ,
ಜನರ ಮಾತಿನೊಳಗೆ ಹಾಗೇ ಹೋಗಿ ಬಂದವಳು ನಾನು.

ಆದರೆ ಅವಳು ಮೇಲೆ ಬರುವ ಮುಂಚೆ
ಗುಳ್ಳೆಗಳು ಬಂದವು,
ಬೆಳ್ಳಗೆ, ರಾಶಿ ರಾಶಿ, ನಾಚಿಕೆಯಿಲ್ಲದೆ.
ಅವಕ್ಕೆ ಅಂಕವಿಲ್ಲ.
ಅಷ್ಟರಲ್ಲಿ ಎಲ್ಲರೂ ಬರೆದು ಮುಗಿಸಿರುತ್ತಾರೆ.

ಕಂಬಿ ಹಿಡಿದೆ. ಮುಖವಿಟ್ಟೆ.
ಮೂಗಿನಿಂದ ಒಂದು, ಹೆದರಿಕೊಂಡು ಇನ್ನೊಂದು.
ಆಮೇಲೆ ಬಾಯಿಂದ, ತಡೆಯಲಾಗದೆ,
ಅನ್ನದ ಪಾತ್ರೆ ಉಕ್ಕಿದ ಹಾಗೆ.
ಕೆನ್ನೆ ಸವರಿ, ಕಿವಿ ಸವರಿ ಹೋದವು
ಗದಗು, ಲಾಲ್‌ಬಾಗು, ಬರೆಯದ ಚೀಟಿ.
ಮೇಲೆ ಯಾರಿಗೇನು ಕೇಳಿಸಿತೋ.
ಎದ್ದಾಗ ಹಂಸಾಬೆನ್ ಇನ್ನೂ ಬದನೆಕಾಯಿ ಸೀಳುತ್ತಿದ್ದರು.

ಇನ್ನೊಮ್ಮೆ, ಅಂದಳು ಬಾಯಿ. ಈಗ ಕಂಬಿಯನ್ನೂ ಬಿಡು.
ನಸ್ರೀನ್ ಆಕಳಿಸಿದಳು,
ಆಕಳಿಸುತ್ತಲೇ ನನ್ನ ಹೊಟ್ಟೆಯ ಕೆಳಗೆ
ಅಂಗೈ ಹಿಡಿದಳು.